ಇಳಿಹೊತ್ತಿನ ಗೆಲುವು

‘ಅರವತ್ತಕ್ಕೆ ಅರಳುಮರಳು’ ಎಂಬುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ವಯಸ್ಸಾದಂತೆ ದೇಹಶಕ್ತಿ ಕುಂದುತ್ತದೆ, ನೆನಪು ಮಸುಕಾಗುತ್ತದೆ, ಕೈಕಾಲುಗಳು ಹೇಳಿದಂತೆ ಕೇಳುವುದಿಲ್ಲ ಎಂಬ ಅನುಭವವೇ ಈ ಮಾತಿಗೆ ಮೂಲ. ಗಾದೆಯಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅರ್ಧಸತ್ಯವನ್ನು ಪೂರ್ಣಸತ್ಯವೆಂದು ನಂಬಿದಾಗ ಅನ್ಯಾಯ ಹುಟ್ಟಿಕೊಳ್ಳುತ್ತದೆ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಮೂಲೆಗೆ ಸರಿಯಬೇಕಾಗಿ ಬಂದವರು, ಜೀವಮಾನವೆಲ್ಲ ಗಳಿಸಿದ ವಿದ್ಯೆಯನ್ನು ಬಳಸಲು ಎಡೆಯಿಲ್ಲದೆ ಉಳಿದವರು ಎಲ್ಲ ಸಮಾಜಗಳಲ್ಲಿಯೂ ಉಂಟು. ಅಂಥವರ ಪರವಾಗಿ ವಾದಿಸಲು ದೊಡ್ಡ ಗ್ರಂಥಗಳ ಆಧಾರ ಬೇಕಾಗಿಲ್ಲ. ಹಿರಿಯ ವಯಸ್ಸಿನ ವೃತ್ತಿಪರ ಗಾಲ್ಫ್ ಆಟಗಾರರು 1985ರಲ್ಲಿ ಅಮೆರಿಕದಲ್ಲಿ ಆಡಿದ ಒಂದು ಋತುವಿನ ಕಥೆಯೇ ಅದಕ್ಕೆ ಸಾಕು.

ಗಾಲ್ಫ್ ನೋಡಲು ಸರಳವಾದ ಆಟ. ನಲವತ್ತಾರು ಗ್ರಾಮಿಗೆ ಮೀರದ ಪುಟ್ಟ ಚೆಂಡೊಂದನ್ನು ದಾಂಡಿನಿಂದ ಹೊಡೆಯುತ್ತ, ದೂರದಲ್ಲಿ ತೋಡಿರುವ ಕುಳಿಯೊಳಗೆ ಬೀಳಿಸಬೇಕು. ಕುಳಿಯ ಅಗಲ ಕೇವಲ 108 ಮಿಲಿಮೀಟರ್. ಹುಲ್ಲುಗಾವಲು, ಮರಳುಗುಂಡಿ, ಮರಗಳ ಸಾಲು, ಕೆರೆಕಟ್ಟೆಗಳನ್ನು ದಾಟಿ ಹೀಗೆ ಹದಿನೆಂಟು ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು ಆಗುತ್ತದೆ. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಚೆಂಡನ್ನು ದೂರಕ್ಕೆ ಅಟ್ಟಲು ತೋಳ್ಬಲ ಬೇಕು ನಿಜ. ಆದರೆ ಗಾಳಿಯ ದಿಕ್ಕನ್ನು ತಿಳಿಯಲು, ನೆಲದ ಏರಿಳಿತವನ್ನು ಗ್ರಹಿಸಲು, ಯಾವ ಅಪಾಯವನ್ನು ಎದುರಿಸಬೇಕು, ಯಾವುದನ್ನು ಬಳಸಿ ಹೋಗಬೇಕು ಎಂದು ನಿರ್ಧರಿಸಲು ವಿವೇಕ ಬೇಕು. ಒಂದು ಹೊಡೆತ ಕೆಟ್ಟಾಗ ಮುಂದಿನದನ್ನು ಕೆಡಿಸಿಕೊಳ್ಳದ ಮನಸ್ಸಿನ ಸಮತೋಲ ಎಲ್ಲಕ್ಕಿಂತ ಹೆಚ್ಚಾಗಿ ಬೇಕು. ಬಲವು ಯೌವನದ ಕೊಡುಗೆಯಾದರೆ ವಿವೇಕವೂ ಸಮತೋಲವೂ ಕಾಲದ ಕೊಡುಗೆ. ಆದ್ದರಿಂದಲೇ ಮುಪ್ಪಿನ ಶಕ್ತಿಯೆಷ್ಟು, ಮಿತಿಯೆಷ್ಟು ಎಂಬುದನ್ನು ಅಳೆಯಲು ಈ ಆಟ ಒಳ್ಳೆಯ ಒರೆಗಲ್ಲಾಗಿದೆ.

ಐವತ್ತು ದಾಟಿದ ವೃತ್ತಿಪರ ಆಟಗಾರರು ಒಂದು ಕಾಲದಲ್ಲಿ ಹೆಚ್ಚಾಗಿ ನೇಪಥ್ಯಕ್ಕೆ ಸರಿಯುತ್ತಿದ್ದರು. 1978ರಲ್ಲಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಹಿಂದಿನ ತಲೆಮಾರಿನ ಹೆಸರಾಂತ ಆಟಗಾರರನ್ನು ಇಬ್ಬಿಬ್ಬರ ಜೋಡಿಗಳಾಗಿ ಕೂಡಿಸಿ ಒಂದು ಪಂದ್ಯಾವಳಿಯನ್ನು ಏರ್ಪಡಿಸಲಾಯಿತು. ಗಾರ್ಡ್ನರ್ ಡಿಕಿನ್ಸನ್ನರೊಡನೆ ಅದನ್ನು ಗೆದ್ದ ಸ್ಯಾಮ್ ಸ್ನೀಡ್ ಅವರಿಗೆ ಆಗ ಅರವತ್ತೈದು ವರ್ಷ. ಮರುವರ್ಷದ ಪಂದ್ಯದಲ್ಲಿ ಎರಡು ಜೋಡಿಗಳು ಸರಿಸಮವಾಗಿ ನಿಂತು, ಆರು ಹೆಚ್ಚುವರಿ ಕುಳಿಗಳವರೆಗೆ ಹೋರಾಡಿದುವು. ದೂರದರ್ಶನದಲ್ಲಿ ಇದನ್ನು ಕಂಡ ಜನರು ಬೆರಗಾದರು. ಈ ಉತ್ಸಾಹದ ಫಲವಾಗಿ 1980ರಲ್ಲಿ ಹಿರಿಯರಿಗಾಗಿಯೇ ಒಂದು ಪಂದ್ಯಮಾಲೆ ಆರಂಭವಾಯಿತು. ಮೊದಲ ವರ್ಷ ಬೆರಳೆಣಿಕೆಯಷ್ಟಿದ್ದ ಪಂದ್ಯಾವಳಿಗಳು ಐದೇ ವರ್ಷಗಳಲ್ಲಿ ಇಪ್ಪತ್ತನ್ನು ಮೀರಿದುವು.

ಪಂದ್ಯಮಾಲೆಯ ಆರನೆಯ ವರ್ಷವೇ 1985. ಆ ಋತುವಿನ ನಾಯಕ ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಮೆಲ್ಬರ್ನ್ ನಗರದಲ್ಲಿ 1929ರಲ್ಲಿ ಜನಿಸಿದ ಥಾಮ್ಸನ್ ತಾರುಣ್ಯದಲ್ಲಿಯೇ ಕೀರ್ತಿ ಗಳಿಸಿದ್ದವರು. ಬ್ರಿಟನ್ನಿನ ಪ್ರತಿಷ್ಠಿತ ಓಪನ್ ಪಂದ್ಯಾವಳಿಯನ್ನು 1954, 1955 ಮತ್ತು 1956ರಲ್ಲಿ ಸತತವಾಗಿ ಗೆದ್ದು, 1958 ಮತ್ತು 1965ರಲ್ಲಿ ಮತ್ತೆ ಗೆದ್ದಿದ್ದರು. ಭಾರತಕ್ಕೂ ಅವರ ಹೆಸರು ಅಪರಿಚಿತವಲ್ಲ. ಇಂಡಿಯನ್ ಓಪನ್ ಪಂದ್ಯಾವಳಿ 1964ರಲ್ಲಿ ಆರಂಭವಾಗಲು ಒತ್ತಾಸೆಯಾಗಿ ನಿಂತವರು ಅವರೇ. ಆ ವರ್ಷವೂ, 1966 ಮತ್ತು 1976ರಲ್ಲಿಯೂ ಅದನ್ನು ಗೆದ್ದವರು ಅವರೇ. ಆದರೆ ಅಮೆರಿಕದ ನೆಲ ಮಾತ್ರ ಅವರಿಗೆ ಒಲಿದಿರಲಿಲ್ಲ. ಯೌವನದ ದಿನಗಳಲ್ಲಿ ಅಲ್ಲಿನ ವೃತ್ತಿಪರ ಪಂದ್ಯಮಾಲೆಯಲ್ಲಿ ಅವರು ಗೆದ್ದದ್ದು 1956ರ ಒಂದೇ ಒಂದು ಪಂದ್ಯಾವಳಿ. ಅಮೆರಿಕದ ಶ್ರೇಷ್ಠರು ಬಾರದ ಕಣದಲ್ಲಿ ಗೆದ್ದವರು ಎಂದು ಅವರ ಹಿರಿಮೆಯನ್ನು ಕುಗ್ಗಿಸಿ ಮಾತನಾಡಿದವರೂ ಇದ್ದರು.

1982ರಲ್ಲಿ ತಮ್ಮ ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ ಸೋತ ಥಾಮ್ಸನ್, ಬಳಿಕ ಅಮೆರಿಕದ ಹಿರಿಯರ ಕಣದತ್ತ ಗಮನ ಹರಿಸಿದರು. 1984ರಲ್ಲಿ ಎರಡು ಪಂದ್ಯಾವಳಿಗಳನ್ನು ಗೆದ್ದರು. 1985ರಲ್ಲಿ ಗೆದ್ದ ಪಂದ್ಯಾವಳಿಗಳು ಒಂಬತ್ತು! ಆ ವರ್ಷ 3,86,724 ಡಾಲರುಗಳನ್ನು ಗಳಿಸಿ ಬಹುಮಾನ ಪಡೆದವರ ಪಟ್ಟಿಯಲ್ಲಿ ಮೊದಲಿಗರಾದರು. ಇಪ್ಪತ್ತಾರರಲ್ಲಿ ಒಂದೇ ಬಾರಿ ಒಲಿದ ನೆಲ ಐವತ್ತೈದು ತುಂಬಿದ ಮೇಲೆ ಒಂಬತ್ತು ಬಾರಿ ಒಲಿಯಿತು. ಹಿರಿಯರ ಪಂದ್ಯಮಾಲೆಯ ಒಂದೇ ಋತುವಿನಲ್ಲಿ ಒಂಬತ್ತು ಗೆಲುವುಗಳ ಆ ಸಾಧನೆಯನ್ನು ಹನ್ನೆರಡು ವರ್ಷಗಳ ಬಳಿಕ, 1997ರಲ್ಲಿ, ಹೇಲ್ ಅರ್ವಿನ್ ಸರಿಗಟ್ಟಿದರು.

ಋತುವಿನ ಇತರ ವಿಜೇತರ ಕಥೆಗಳೂ ಇಷ್ಟೇ ಅರ್ಥಪೂರ್ಣವಾಗಿವೆ. ಅಮೆರಿಕದ ಹಿರಿಯರ ಓಪನ್ ಪಂದ್ಯಾವಳಿಯನ್ನು ಗೆದ್ದವರು ಮಿಲ್ಲರ್ ಬಾರ್ಬರ್. 1969ರಲ್ಲಿ ಇವರು ಅಮೆರಿಕದ ಮುಖ್ಯ ಓಪನ್ ಪಂದ್ಯಾವಳಿಯಲ್ಲಿ ಮೂರು ಸುತ್ತುಗಳ ಕೊನೆಗೆ ಮೂರು ಹೊಡೆತಗಳಷ್ಟು ಮುಂದಿದ್ದರು. ಕಡೆಯ ದಿನ 78 ಹೊಡೆತಗಳಾಗಿ, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು. ಅಂಥ ಸೋಲು ಹಲವರ ಎದೆಗುಂದಿಸಬಹುದು. ಬಾರ್ಬರ್ ಆಟ ಬಿಡಲಿಲ್ಲ. ಹಿರಿಯರ ಓಪನ್ ಪಂದ್ಯಾವಳಿ 1982, 1984 ಮತ್ತು 1985ರಲ್ಲಿ, ಒಟ್ಟು ಮೂರು ಬಾರಿ, ಅವರ ಪಾಲಾಯಿತು.

ಥಾಮ್ಸನ್ನರ ಓರಗೆಯವರೇ ಆದ ಆರ್ನಲ್ಡ್ ಪಾಮರ್ ಆ ವರ್ಷ ಹಿರಿಯ ಆಟಗಾರರ ಚಾಂಪಿಯನ್‌ಷಿಪ್ಪನ್ನು ಹನ್ನೊಂದು ಹೊಡೆತಗಳ ಅಂತರದಿಂದ ಗೆದ್ದರು. ಯುವಕರ ಪಂದ್ಯಗಳಲ್ಲಿಯೂ ಅಪರೂಪವಾದ ಅಂತರವದು. ದಕ್ಷಿಣ ಆಫ್ರಿಕದ ಗ್ಯಾರಿ ಪ್ಲೇಯರ್ ಅವರಿಗೆ ಆ ವರ್ಷದ ನವೆಂಬರ್ 1ರಂದು ಐವತ್ತು ತುಂಬಿತು. ಅದೇ ತಿಂಗಳು ಹಿರಿಯರ ಕಣಕ್ಕಿಳಿದು ತಮ್ಮ ಮೊದಲ ಪಂದ್ಯಾವಳಿಯಲ್ಲಿಯೇ ಗೆದ್ದರು. ದೊಡ್ಡ ಹೆಸರಿಲ್ಲದ ಮೈಕ್ ಫೆಚಿಕ್ ಅವರ ಗೆಲುವಂತೂ ಮನಸ್ಸಿನಲ್ಲಿ ಉಳಿಯುವಂಥದು. 1922ರ ಅಕ್ಟೋಬರ್ 13ರಂದು ಜನಿಸಿದ ಅವರು ದಕ್ಷಿಣ ಕ್ಯಾರೊಲಿನದ ಹಿಲ್ಟನ್ ಹೆಡ್ ಪಂದ್ಯಾವಳಿಯನ್ನು ಗೆದ್ದದ್ದು ತಮ್ಮ ಅರವತ್ತಮೂರನೆಯ ಹುಟ್ಟುಹಬ್ಬದ ದಿನ. ಈ ಪಂದ್ಯಮಾಲೆಯ ಅತ್ಯಂತ ಹಿರಿಯ ವಿಜೇತರೆಂಬ ಅವರ ದಾಖಲೆ ಮೂವತ್ತಾರು ವರ್ಷ ಅಳಿಯದೆ ನಿಂತಿತು. 2021ರಲ್ಲಿ ಜರ್ಮನಿಯ ಬೆರ್ನ್‌ಹಾರ್ಡ್ ಲಾಂಗರ್ ಅರವತ್ತನಾಲ್ಕರಲ್ಲಿ ಗೆದ್ದು ಅದನ್ನು ಮುರಿದರು; 2024ರಲ್ಲಿ ಅರವತ್ತೇಳರಲ್ಲಿ ಮತ್ತೆ ಗೆದ್ದರು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಇವರ ವಿಷಯದಲ್ಲಿ ಸೋತಿತೆಂದೇ ಹೇಳಬೇಕು.

ಇದೆಲ್ಲವನ್ನು ಒಪ್ಪದವರೂ ಉಂಟು. ಯುವಕರೊಡನೆ ಸೆಣಸಲಾರದವರು ತಮ್ಮತಮ್ಮಲ್ಲೇ ಆಡಿ ಗೆದ್ದರೆ ಅದೇನು ಗೆಲುವು? ಈ ಪಂದ್ಯಗಳು ಬಹುಮಟ್ಟಿಗೆ ನಾಲ್ಕರ ಬದಲು ಮೂರೇ ಸುತ್ತುಗಳಲ್ಲಿ ಮುಗಿಯುತ್ತವೆ. ಹಲವು ಪಂದ್ಯಗಳಲ್ಲಿ ನಡೆಯುವ ಬದಲು ಗಾಡಿಯಲ್ಲಿ ಸಾಗಲು ಅನುಮತಿಯಿತ್ತು. ಹಳೆಯ ಹೆಸರುಗಳನ್ನು ತೋರಿಸಿ ಹಣ ಮಾಡುವ ವ್ಯಾಪಾರವಿದು ಎಂದು ಅವರು ಆಕ್ಷೇಪಿಸುತ್ತಾರೆ. ಈ ಮಾತುಗಳನ್ನು ತಳ್ಳಿಹಾಕುವುದು ಸುಲಭವಲ್ಲ. ವ್ಯಾಪಾರವಿದ್ದದ್ದು ನಿಜ, ಪ್ರಾಯೋಜಕರಿಲ್ಲದೆ ಈ ಕಣವೇ ನಿಲ್ಲುತ್ತಿರಲಿಲ್ಲ.

ಆದರೆ ಹಲವು ಶಾಲೆಗಳ ವಾರ್ಷಿಕ ಕ್ರೀಡಾಕೂಟವನ್ನು ನೆನೆದರೆ ಮೊದಲ ಆಕ್ಷೇಪಕ್ಕೆ ಉತ್ತರ ದೊರೆಯುತ್ತದೆ. ಅಲ್ಲಿ ಹದಿನಾಲ್ಕರ ಒಳಗಿನವರಿಗೆ ಒಂದು ಓಟ, ಹದಿನೇಳರ ಒಳಗಿನವರಿಗೆ ಮತ್ತೊಂದು ಓಟ. ಹನ್ನೆರಡರ ಬಾಲಕಿಯನ್ನು ಹದಿನಾರರ ಹುಡುಗಿಯ ಪಕ್ಕದಲ್ಲಿ ನಿಲ್ಲಿಸಿ ಓಡಿಸುವುದು ನ್ಯಾಯವೆಂದು ಯಾವ ಅಧ್ಯಾಪಕರೂ ಭಾವಿಸುವುದಿಲ್ಲ. ಕಿರಿಯರ ಓಟದಲ್ಲಿ ಗೆದ್ದವಳ ಗೆಲುವು ಸುಳ್ಳೆಂದು ಯಾವ ಸಹಪಾಠಿಯೂ ಹೇಳುವುದಿಲ್ಲ. ಸಮಬಲರ ನಡುವೆ ನಡೆದದ್ದೇ ಸ್ಪರ್ಧೆ ಎಂಬ ತತ್ತ್ವ ಅಲ್ಲಿ ಎಲ್ಲರಿಗೂ ಒಪ್ಪಿಗೆ. ವಯಸ್ಸು ಏರುವಾಗ ಒಪ್ಪಿಕೊಂಡ ನ್ಯಾಯವನ್ನು ವಯಸ್ಸು ಇಳಿಯುವಾಗ ಏಕೆ ನಿರಾಕರಿಸಬೇಕು? ಥಾಮ್ಸನ್ ಸೋಲಿಸಿದ್ದು ಪಾಮರ್, ಬಾರ್ಬರ್ ಮುಂತಾದ ಸಮರ್ಥರನ್ನು. ಕುಳಿಯ ಅಗಲ ಅವರಿಗಾಗಿ ಹಿಗ್ಗಲಿಲ್ಲ. ತಪ್ಪಿದ ಹೊಡೆತವನ್ನು ಯಾರೂ ಲೆಕ್ಕದಿಂದ ಬಿಡಲಿಲ್ಲ. ಪ್ರಾಯೋಜಕರ ಹಣ ಮೈದಾನದ ಬಾಗಿಲನ್ನು ತೆರೆಯಬಲ್ಲುದೇ ಹೊರತು ಚೆಂಡನ್ನು ಕುಳಿಗೆ ಬೀಳಿಸಲಾರದು.

ಆದಕಾರಣ ವಯಸ್ಸಿಗೆ ತಕ್ಕ ಕಣವನ್ನು ಕಲ್ಪಿಸುವುದು ಕರುಣೆಯ ಕಾರ್ಯವೆಂದು ಭಾವಿಸಬಾರದು. ಅದು ನ್ಯಾಯದ ಕಾರ್ಯ. ಐವತ್ತರಲ್ಲಿ ಥಾಮ್ಸನ್ನರಿಗೆ ಕೇವಲ ಸನ್ಮಾನಗಳಷ್ಟೇ ಸಂದಿದ್ದರೆ ಅವರೊಳಗಿನ ಒಂಬತ್ತು ಗೆಲುವುಗಳು ಯಾರಿಗೂ ತಿಳಿಯದೆ ಮುಗಿಯುತ್ತಿದ್ದುವು. ಹಿರಿಯರಿಗೆ ಹಾರ ಹಾಕುವುದು ಸುಲಭ. ಅವರ ಕೈಗೆ ಕೆಲಸ ಕೊಡುವುದು ಕಷ್ಟ. ನಿವೃತ್ತರಾದ ಅಧ್ಯಾಪಕರು, ಕುಶಲಕರ್ಮಿಗಳು, ಬೇಸಾಯಗಾರರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ತೋಳಿನ ಬಲ ತಗ್ಗಿರಬಹುದು. ತೋಳಿನ ಬಲಕ್ಕಿಂತ ಕಣ್ಣಿನ ಅಳತೆ ಹೆಚ್ಚು ಬೇಕಾದ ಕೆಲಸಗಳು ಮಾತ್ರ ಎಂದಿಗೂ ತೀರಿಲ್ಲ.

ಇಷ್ಟಕ್ಕೇ ನಿಂತರೆ ಈ ಕಥೆಯ ಇನ್ನೊಂದು ಮುಖ ಮರೆಯಾಗುತ್ತದೆ. 1980ರಲ್ಲಿ, ಪಂದ್ಯಮಾಲೆಯ ಮೊದಲ ವರ್ಷದಲ್ಲಿಯೇ, ಗೆದ್ದವರಲ್ಲಿ ಒಬ್ಬರು ಚಾರ್ಲಿ ಸಿಫರ್ಡ್. ಅವರಿಗೆ ಆಗ ಐವತ್ತೆಂಟು. ಅಮೆರಿಕದ ವೃತ್ತಿಪರ ಗಾಲ್ಫ್ ಸಂಘದ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ವಿಧಿ 1961ರವರೆಗೆ ಇತ್ತು. ಕಪ್ಪುವರ್ಣದವರಾದ ಸಿಫರ್ಡ್ ಹಲವು ವರ್ಷ ಅದರ ವಿರುದ್ಧ ಹೋರಾಡಿದರು. ಆ ವಿಧಿ ರದ್ದಾದಾಗ ಅವರಿಗೆ ಮೂವತ್ತೊಂಬತ್ತು ತುಂಬಿತ್ತು. 1985ರ ಋತುವಿನಲ್ಲಿ ಗೆದ್ದವರಲ್ಲಿ ಒಬ್ಬರಾದ ಲೀ ಎಲ್ಡರ್, ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರರು. ಆ ಅವಕಾಶ ಅವರಿಗೆ ದೊರೆತದ್ದು 1975ರಲ್ಲಿ, ನಲವತ್ತರ ವಯಸ್ಸಿನಲ್ಲಿ. ಹಿರಿಯರ ಕಣದಲ್ಲಿ 1984ರಿಂದ 1988ರ ಅವಧಿಯಲ್ಲಿ ಎಲ್ಡರ್ ಎಂಟು ಪಂದ್ಯಾವಳಿಗಳನ್ನು ಗೆದ್ದರು.

ಇವರ ಗೆಲುವುಗಳು ಸಂತೋಷ ತರುವಂತೆ ದುಃಖವನ್ನೂ ತರುತ್ತವೆ. ಐವತ್ತೆಂಟರಲ್ಲಿ ಗೆಲ್ಲಬಲ್ಲವರು ಇಪ್ಪತ್ತೆಂಟರಲ್ಲಿ ಏನನ್ನು ಸಾಧಿಸಬಹುದಾಗಿತ್ತು? ಆ ಪ್ರಶ್ನೆಗೆ ಉತ್ತರವನ್ನು ಅಂದಿನ ಸಮಾಜವೇ ಕಸಿದುಕೊಂಡಿತು. 2004ರಲ್ಲಿ ಸಿಫರ್ಡ್ ಅವರನ್ನು ವಿಶ್ವ ಗಾಲ್ಫ್ ಕೀರ್ತಿಮಂದಿರಕ್ಕೆ ಸೇರಿಸಿ ಗೌರವಿಸಲಾಯಿತು. 2014ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ಸಂದಿತು. ಗೌರವ ಸಂದಿತು, ಯೌವನ ಮರಳಲಿಲ್ಲ. ಇಳಿಹೊತ್ತಿನ ಅವಕಾಶ ಎಷ್ಟೇ ಉತ್ತಮವಾಗಿದ್ದರೂ ಬೆಳಗಿನ ಅನ್ಯಾಯಕ್ಕೆ ಅದು ಪರಿಹಾರವಾಗಲಾರದು. ಮುಂದೆ ಎಂದಾದರೂ ಕೊಡೋಣ ಎಂಬ ನೆಪದಿಂದ ಇಂದು ಕೊಡಬೇಕಾದುದನ್ನು ತಡೆಹಿಡಿಯುವ ಹಕ್ಕು ಯಾರಿಗೂ ಇಲ್ಲ.

ಇಳಿಹೊತ್ತೂ ನಿಲ್ಲುವುದಿಲ್ಲ. 1985ರ ಬಳಿಕ ಥಾಮ್ಸನ್ ಆ ಪಂದ್ಯಮಾಲೆಯಲ್ಲಿ ಮತ್ತೊಂದು ಪಂದ್ಯಾವಳಿಯನ್ನು ಗೆಲ್ಲಲಿಲ್ಲ. ಅವರು ಗಾಲ್ಫ್ ಮೈದಾನಗಳನ್ನು ರೂಪಿಸುವ ಕೆಲಸದಲ್ಲಿ ಮುಂದುವರಿದರು. 2018ರಲ್ಲಿ, ಎಂಬತ್ತೆಂಟರ ವಯಸ್ಸಿನಲ್ಲಿ ನಿಧನರಾದರು. ದೊರೆತ ಒಂದು ಋತುವಿನಲ್ಲಿ ಅವರು ತಮ್ಮಲ್ಲಿದ್ದುದೆಲ್ಲವನ್ನೂ ಸುರಿದರು. ಅಭ್ಯಾಸವನ್ನು ಬಿಡದೆ ಇದ್ದುದರಿಂದಲೇ ಬಾಗಿಲು ತೆರೆದ ದಿನ ಅವರು ಸಿದ್ಧರಾಗಿದ್ದರು.

ಬಾಗಿಲು ತೆರೆಯುವುದು ಸಮಾಜದ ಹೊಣೆ. ತೆರೆದಾಗ ಸಿದ್ಧನಾಗಿರುವುದು ವ್ಯಕ್ತಿಯ ಹೊಣೆ. ಈ ಎರಡು ಹೊಣೆಗಳಲ್ಲಿ ಒಂದು ತಪ್ಪಿದರೂ ಗೆಲುವು ಹುಟ್ಟುವುದಿಲ್ಲ. ಇಂದು ಶಾಲೆಯ ಮೈದಾನದಲ್ಲಿ ಓಡುತ್ತಿರುವ ಮಕ್ಕಳು ನಾಳೆ ಊರಿನ, ನಾಡಿನ ಬಾಗಿಲುಗಳನ್ನು ಕಾಯುವವರಾಗುತ್ತಾರೆ. ಅಂದು ಅವರು ಎಳೆಯರನ್ನು ಅವರ ಬಣ್ಣ, ಹುಟ್ಟುಗಳ ಕಾರಣದಿಂದ ಹೊರಗೆ ನಿಲ್ಲಿಸದಿರಲಿ. ಹಿರಿಯರನ್ನು ಅವರ ವಯಸ್ಸಿನ ಕಾರಣದಿಂದ ಹೊರಗೆ ಕಳುಹಿಸದಿರಲಿ.