ಗೃಹೋದ್ಯಾನ: ಮನಿ ಪ್ಲಾಂಟ್ ಬಳ್ಳಿಯೂ ಸೀಸೆಯ ನೀರೂ

ಬಿನ್ನಿಪೇಟೆಯ ಬೀದಿಗಳಲ್ಲಿ ಸಂಚರಿಸುವವರಿಗೆ, ಕಿಟಕಿಯ ಸರಳುಗಳನ್ನು ಹಿಡಿದು ಹಬ್ಬಿರುವ ‘ಮನಿ ಪ್ಲಾಂಟ್’ ಎಂಬ ಬಳ್ಳಿಯು ಚಿರಪರಿಚಿತವಾದುದೇ ಸರಿ. ಪೇಟೆಗೆ ಹೆಸರನ್ನಿತ್ತ ಬಿನ್ನಿ ಗಿರಣಿಯು ಈಗ ಇಲ್ಲ. ಅದರ ನೆಲದಲ್ಲಿ ಹಲವು ಅಂತಸ್ತುಗಳ ವಸತಿಗೃಹಗಳು ಎದ್ದಿವೆ. ಅಂಗಳವಿಲ್ಲದ ಆ ಮನೆಗಳಲ್ಲಿಯೂ, ಒತ್ತಾಗಿ ನಿಂತಿರುವ ಹಳೆಯ ಮನೆಗಳಲ್ಲಿಯೂ ಹಸುರನ್ನು ಬಯಸುವ ಗೃಹಸ್ಥರಿಗೆ ಈ ಬಳ್ಳಿಯು ಅಲ್ಪವೆಚ್ಚದಲ್ಲಿ ಸಾಧ್ಯವಾದುದು. ಇದನ್ನು ಕದ್ದು ತಂದು ನೆಟ್ಟರೆ ಮಾತ್ರ ಧನಾಗಮವಾಗುವುದೆಂಬ ನಂಬಿಕೆಯೂ ಜನರಲ್ಲಿ ಉಂಟು. ಕೇಳಿದರೆ ನೆರೆಯವರು ಒಂದು ತುಂಡನ್ನು ಸಂತೋಷದಿಂದಲೇ ಕೊಡುವರಾದುದರಿಂದ, ಕಳ್ಳತನದ ಶ್ರಮವೇಕೆಂದು ನಮ್ಮ ಅಭಿಪ್ರಾಯ.

ಈ ಬಳ್ಳಿಯ ತೌರುನೆಲವು ಪೆಸಿಫಿಕ್ ಮಹಾಸಾಗರದಲ್ಲಿ ತಹಿತಿಯ ನೆರೆಯಲ್ಲಿರುವ ಮೊರೆಯಾ ದ್ವೀಪ. ಕಾಡಿನಲ್ಲಿ ಮರವನ್ನೇರಿ ಬೆಳೆದಾಗ ಇದರ ಎಲೆಗಳು ಒಂದು ಮೊಳಕ್ಕೂ ಮಿಕ್ಕಿ ಉದ್ದವಾಗುವುದುಂಟು. ಮರದ ನೆರಳಿನಲ್ಲಿ ಸೋಸಿ ಬಂದ ಬೆಳಕು, ತೇವಗೂಡಿದ ಗಾಳಿ, ಏರಲೊಂದು ಆಸರೆ, ಇವೇ ಅದರ ಸಹಜವಾದ ಬಯಕೆಗಳು. ಆದುದರಿಂದ ಉರಿಬಿಸಿಲು ಬೀಳದಿದ್ದರೂ ಚೆನ್ನಾಗಿ ಬೆಳಕು ಬರುವ ಕಿಟಕಿಯ ಬಳಿಯಲ್ಲಿ ಅದನ್ನಿಡತಕ್ಕುದು. ಎಲೆಯ ಹಳದಿ ಭಾಗದಲ್ಲಿ ಹಸುರು ದ್ರವ್ಯವು ಕಡಮೆಯಾಗಿರುವುದರಿಂದ, ಕತ್ತಲ ಮೂಲೆಯಲ್ಲಿಟ್ಟ ಬಳ್ಳಿಯು ಹಳದಿಯನ್ನು ಬಿಟ್ಟು ಬರಿಯ ಹಸುರೆಲೆಗಳನ್ನು ಬಿಡುತ್ತ ಸೊರಗಿ ನೀಳವಾಗುವುದು.

ನೆಡುವ ತುಂಡಿನಲ್ಲಿ ಒಂದೆರಡು ಗಿಣ್ಣುಗಳು ಇರಲೇಬೇಕು, ಬೇರೊಡೆಯುವುದು ಅಲ್ಲಿಂದಲೇ. ಕೆಂಪು ಮಣ್ಣು, ಮರಳು, ಎಲೆಗೊಬ್ಬರ ಇವುಗಳನ್ನು ಬೆರೆಸಿ, ತಳದಲ್ಲಿ ತೂತುಳ್ಳ ಕುಂಡದಲ್ಲಿ ನೆಡಬೇಕು. ಬೆರಳನ್ನು ಮಣ್ಣಿನೊಳಕ್ಕೆ ಒಂದಂಗುಲ ಚುಚ್ಚಿ, ಒಣಗಿದ್ದರೆ ಮಾತ್ರ ನೀರೆರೆಯುವುದು ಲೇಸು. ನಿತ್ಯವೂ ನೀರು ಸುರಿದರೆ ಬೇರು ಕೊಳೆತು ಎಲೆಗಳು ಹಳದಿಯಾಗಿ ಉದುರುವುವು. ತೆಂಗಿನ ನಾರು ಸುತ್ತಿದ ಕೋಲನ್ನು ನಿಲ್ಲಿಸಿ ಆಗಾಗ ತೇವಗೊಳಿಸಿದರೆ, ಬಳ್ಳಿಯು ಅದನ್ನು ಹತ್ತಿ ದೊಡ್ಡ ಎಲೆಗಳನ್ನು ತಳೆಯುವುದು.

ಎಲೆಯ ಆಕಾರವು ವೀಳ್ಯದೆಲೆಯನ್ನು ಹೋಲುವುದಾದರೂ, ಇದು ಕೆಸುವಿನ ಕುಲಕ್ಕೆ ಸೇರಿದುದು. ಹಸಿ ಕೆಸುವು ಬಾಯಿಗೆ ಮಾಡುವ ತುರಿಕೆಯನ್ನು ನಮ್ಮ ಗೃಹಿಣಿಯರು ಬಲ್ಲರಷ್ಟೆ. ಇದರೊಳಗೂ ಅದೇ ಬಗೆಯ, ಸೂಜಿಯಂತಹ ಹರಳುಗಳುಂಟು. ಎಳೆಯ ಮಕ್ಕಳಾಗಲಿ ಸಾಕಿದ ಬೆಕ್ಕಾಗಲಿ ಜಗಿದರೆ ಬಾಯಿಯುರಿದು ಊದಿಕೊಳ್ಳುವುದು. ಆದುದರಿಂದ ಅವರ ಕೈಗೆಟುಕದಂತೆ ಎತ್ತರದಲ್ಲಿಡುವುದು ಕ್ಷೇಮ.

ಇನ್ನು, ಸೀಸೆಯ ನೀರಿನಲ್ಲಿ ಬಳ್ಳಿಯನ್ನಿಡುವವರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗೀ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದುದನ್ನು ವಾಚಕರು ಬಲ್ಲರು. ಅದನ್ನು ಹರಡುವ, ಕಾಲಿನ ಮೇಲೆ ಬಿಳಿಯ ಪಟ್ಟೆಗಳುಳ್ಳ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚತಕ್ಕದ್ದು. ಚರಂಡಿಯ ಕೊಳಚೆಗಿಂತ ಮನೆಯೊಳಗಣ ತಿಳಿನೀರೇ ಅದಕ್ಕೆ ಪ್ರಿಯವಾದುದು. ನೀರಿನ ಮಟ್ಟಕ್ಕೆ ತುಸು ಮೇಲೆ, ಸೀಸೆಯ ಒಳಗೋಡೆಗೆ ಅದು ಮೊಟ್ಟೆಗಳನ್ನು ಅಂಟಿಸುವುದು. ಆ ಮೊಟ್ಟೆಗಳು ಒಣಗಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಗಲಿದೊಡನೆ ಒಡೆಯುವುವು. ಕಡಮೆಯಾದಾಗ ಮೇಲೆಮೇಲೆ ನೀರು ತುಂಬುವ ನಮ್ಮ ರೂಢಿಯು ಸೊಳ್ಳೆಗೆ ಉಪಕಾರವನ್ನೇ ಮಾಡಿದಂತಾಗುವುದು. ಮರಿಯು ಸೊಳ್ಳೆಯಾಗಿ ಹಾರಲು ಬೆಚ್ಚನೆಯ ಕಾಲದಲ್ಲಿ ಏಳರಿಂದ ಹತ್ತು ದಿನಗಳು ಸಾಕು.

ಆದುದರಿಂದ ವಾರಕ್ಕೊಮ್ಮೆ ತಪ್ಪದೆ ನೀರನ್ನು ಪೂರ್ತಿ ಚೆಲ್ಲಿ, ಸೀಸೆಯ ಒಳಭಾಗವನ್ನು ಕುಂಚದಿಂದ ತಿಕ್ಕಿ ತೊಳೆದು, ಬೇರುಗಳನ್ನೂ ಜಾಲಿಸಿ, ಹೊಸ ನೀರನ್ನು ತುಂಬಬೇಕು. ಹಳೆಯ ನೀರನ್ನು ಒಣನೆಲದ ಮೇಲೆ ಚೆಲ್ಲಿದರೆ ಅದರಲ್ಲಿನ ಮರಿಗಳು ಸಾಯುವುವು. ಬಳ್ಳಿಯ ಸುತ್ತ ಸೀಸೆಯ ಬಾಯಿಯನ್ನು ಹತ್ತಿಯಿಂದ ಬಿಗಿಯಾಗಿ ಮುಚ್ಚುವುದೂ ಉತ್ತಮ. ಕುಂಡದ ಕೆಳಗಣ ತಟ್ಟೆಗೂ ಇದೇ ನಿಯಮವು ಅನ್ವಯಿಸುವುದು. ಮನೆಯ ಹಿತ್ತಾಳೆ ಪಾತ್ರೆಗಳನ್ನು ಬೆಳಗುವ ದಿನವೇ ಸೀಸೆಯನ್ನೂ ತೊಳೆಯುವ ಪದ್ಧತಿಯನ್ನಿಟ್ಟುಕೊಂಡರೆ ಮರೆಯುವ ಸಂಭವವಿಲ್ಲ. ಅಷ್ಟು ಅವಕಾಶವಿಲ್ಲದವರು ಸೀಸೆಯ ಅಂದವನ್ನು ಬಿಟ್ಟು ಬಳ್ಳಿಯನ್ನು ಮಣ್ಣಿಗೆ ವರ್ಗಾಯಿಸುವುದೇ ಮನೆಮಂದಿಗೆ ಹಿತ.