ಮೂರು ತಿಂಗಳ ಸಭಾಪಾಲಕ

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ಕಾಲೇಜಿನಲ್ಲಿ ಕನ್ನಡ ಓದಿ, ಬಳಿಕ ದೇವಶಾಸ್ತ್ರವನ್ನು ಅಭ್ಯಸಿಸಿ, ಈಗ ಸಭಾಪಾಲಕರಾಗಿರುವವರು. ದುಬೈ ನಗರದ ಒಂದು ಪ್ರಾಟೆಸ್ಟೆಂಟ್ ಸಭೆಯಲ್ಲಿ ಮೂರು ತಿಂಗಳು ಸೇವೆ ಸಲ್ಲಿಸಿ ಆಗತಾನೆ ಮರಳಿದ್ದರು. ಅಲ್ಲಿಯೇ ಇದ್ದ ಹಿರಿಯ ಮಿತ್ರರೊಬ್ಬರು ನಕ್ಕು, "ಮೂರು ತಿಂಗಳಲ್ಲಿ ಏನು ಸೇವೆಯಪ್ಪಾ? ಜನರ ಹೆಸರು ನೆನಪಾಗುವ ಹೊತ್ತಿಗೆ ವಿಮಾನ ಹತ್ತಬೇಕು" ಎಂದರು. ಇವರು ಮಾರುತ್ತರ ಕೊಡಲಿಲ್ಲ. ಆದರೆ ಅದು ಉತ್ತರಕ್ಕೆ ಅರ್ಹವಾದ ಮಾತೆಂದು ಅಂದಿನಿಂದ ನನಗೆ ತೋರುತ್ತಿದೆ.

ಆ ಆಕ್ಷೇಪಣೆ ನಿರಾಧಾರವಾದುದಲ್ಲ. ಕನ್ನಡದ ವಿದ್ಯಾರ್ಥಿಗೆ ಅದರ ಬಲ ಚೆನ್ನಾಗಿ ಗೊತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು ಏಳು ವರ್ಷಗಳ ಬಳಿಕ, 1843ರಲ್ಲಿ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದರು. ಅವರ ನಿಘಂಟು ಅಚ್ಚಾದುದು 1894ರಲ್ಲಿ. ನಡುವಣ ಅಂತರ 41 ವರ್ಷ! ಇಂಥವರ ಪಕ್ಕದಲ್ಲಿಟ್ಟು ನೋಡಿದರೆ ಮೂರು ತಿಂಗಳ ಸೇವೆ ಬರಿಯ ಪ್ರವಾಸವೆಂದೇ ತೋರುತ್ತದೆ. ಹಾಗೆ ಪ್ರವಾಸವಾಗಿಯೇ ಮುಗಿಯುವ ಸೇವೆಗಳೂ ಇಲ್ಲದಿಲ್ಲ. ನಾಲ್ಕು ಪ್ರಸಂಗ, ಹತ್ತು ಛಾಯಾಚಿತ್ರ, ಊರಿಗೆ ಬಂದಮೇಲೆ ಒಂದು ವರದಿ: ಇಷ್ಟರಿಂದ ಲಾಭ ಪಡೆಯುವವನು ಹೋದವನೇ ಹೊರತು ಅಲ್ಲಿದ್ದವರಲ್ಲ.

ಆದರೂ ಈ ಹೋಲಿಕೆಯಲ್ಲಿ ಒಂದು ದೋಷವಿದೆ. ಮೊಗ್ಲಿಂಗ್, ಕಿಟ್ಟೆಲರು ಬಂದದ್ದು ತಲೆತಲಾಂತರದಿಂದ ನೆಲದಲ್ಲಿ ಬೇರೂರಿದ ಜನರ ನಡುವೆ. ದುಬೈಯ ಸಭೆ ಅಂಥದಲ್ಲ. ಸಂಯುಕ್ತ ಅರಬ್ ಸಂಸ್ಥಾನದ ನಿವಾಸಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಮಿಕ್ಕಿ ಹೊರದೇಶದವರು. ಅವರಲ್ಲಿ ಹೆಚ್ಚಿನವರ ವಾಸದ ಹಕ್ಕು ಉದ್ಯೋಗಕ್ಕೆ ಕಟ್ಟಿದ್ದು; ಕೆಲಸ ಹೋದರೆ ಬೇಗನೆ ಊರೂ ಬಿಡಬೇಕು. ಊದ್ ಮೇಥಾ ಬಡಾವಣೆಯಲ್ಲಿ, ಅಲ್ಲಿಯ ದೊರೆಗಳು ಕೊಟ್ಟ ನೆಲದಲ್ಲಿ ನಿಂತಿರುವ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಹಲವು ದೇಶಗಳ, ಹಲವು ಭಾಷೆಗಳ ಸಭೆಗಳು ಸರದಿಯಂತೆ ಕೂಡುತ್ತವೆ. ಕೊಲ್ಲಿ ನಾಡಿನ ಕೆಥೋಲಿಕ ಇಗರ್ಜಿಗಳಲ್ಲಿ ಕೊಂಕಣಿಯ ಪೂಜೆಯೂ ನಡೆಯುವುದುಂಟು. ಮಂಗಳೂರಿನ ಕಡೆಯವರು ಆ ಕೊಂಕಣಿಯನ್ನು ಬರೆಯುವುದು ನಮ್ಮ ಕನ್ನಡ ಲಿಪಿಯಲ್ಲಿಯೇ. 2022ರ ಆರಂಭದಲ್ಲಿ ಭಾನುವಾರ ರಜೆಯಾಗುವ ತನಕ ಇವರ ದೊಡ್ಡ ಆರಾಧನೆ ನಡೆಯುತ್ತಿದ್ದುದು ಶುಕ್ರವಾರ. ದುಡಿಮೆ ಬಿಡುವು ಕೊಟ್ಟ ದಿನವೇ ದೇವರ ದಿನ! ಮುಸಲ್ಮಾನರಿಗೆ ಮತಪ್ರಚಾರ ಮಾಡುವುದಕ್ಕೆ ಅಲ್ಲಿಯ ಕಾನೂನು ಎಡೆಗೊಡುವುದಿಲ್ಲ. ಆದಕಾರಣ ಹೊಸಬರನ್ನು ಎಣಿಸುವ ಚಪಲಕ್ಕೆ ಅವಕಾಶವಿಲ್ಲ. ಬಂದವರನ್ನು ನೋಡಿಕೊಳ್ಳುವುದಷ್ಟೆ ಸಭಾಪಾಲಕನ ಕೆಲಸ.

ಹೀಗಿರುವಲ್ಲಿ, ಸಭಾಪಾಲಕನೊಬ್ಬನೇ ಅಲ್ಲ, ಸಭೆಗೆ ಸಭೆಯೇ ಬಿಡಾರ ಹೂಡಿರುವಂಥದು. ಎಲ್ಲರ ಬಳಿಯಲ್ಲೂ ಅವಧಿ ನಮೂದಿಸಿದ ಕಾಗದವಿದೆ. ಅವನದು ಮೂರು ತಿಂಗಳು, ಇವರದು ಎರಡು ವರ್ಷ. ಅವಧಿ ಕಿರಿದೆಂಬ ಮಾತ್ರಕ್ಕೆ ಅವನು ಪರಕೀಯನಾಗುವುದಿಲ್ಲ. ಅವನನ್ನು ಪರಕೀಯನನ್ನಾಗಿ ಮಾಡುವುದು ಬೇರೆಯೇ ಒಂದು.

ನನ್ನ ವಿದ್ಯಾರ್ಥಿ ಹೇಳಿದ ಸಂಗತಿಯಿದು. ಒಂದು ಸಂಜೆ ಆರಾಧನೆ ಮುಗಿದು ಎಲ್ಲರೂ ಹೋದಮೇಲೆ ಆಂಧ್ರದ ಕೂಲಿಕಾರನೊಬ್ಬ ಬೆಂಚಿನಲ್ಲಿಯೇ ಉಳಿದಿದ್ದ. ಊರಿನಲ್ಲಿ ತಾಯಿ ತೀರಿಕೊಂಡಿದ್ದಳು. ಮಣ್ಣಿಗೆ ಹೋಗಲು ರಜೆ ದೊರೆತಿರಲಿಲ್ಲ. ಇವರು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಪ್ರಾರ್ಥನೆಗೆ ತೊಡಗಿದರು. ಅವನು ಎದ್ದು ಕೈಕಟ್ಟಿ ನಿಂತ, ಮೇಸ್ತ್ರಿಯ ಅಪ್ಪಣೆ ಕೇಳುವವನಂತೆ. ಇವರಿಗೆ ನಾಚಿಕೆಯಾಯಿತು. ಪ್ರಾರ್ಥನೆಯನ್ನು ನಿಲ್ಲಿಸಿ, ತಮಗೆ ಬರುತ್ತಿದ್ದ ಹರಕು ತೆಲುಗಿನಲ್ಲಿ ತಾಯಿಯ ಹೆಸರು ಕೇಳಿದರು. ಅವನು ಹೆಸರು ಹೇಳಿದ, ಕುಳಿತುಕೊಂಡ, ಆಮೇಲೆ ಅಳುವುದಕ್ಕೆ ತೊಡಗಿದ. ಅರ್ಧ ಗಂಟೆ ತಾಯಿಯ ವಿಷಯ ಹೇಳಿದ. "ನನಗೆ ಅರ್ಧವೂ ತಿಳಿಯಲಿಲ್ಲ, ಸಾರ್. ಕೊನೆಗೆ ಪ್ರಾರ್ಥನೆಯನ್ನು ಅವನೇ ಮಾಡಿದ. ನಾನು ಆಮೆನ್ ಅಂದೆ, ಅಷ್ಟೆ" ಎಂದರು.

ಅಷ್ಟೆಯೆ? ನನ್ನ ದೃಷ್ಟಿಯಲ್ಲಿ ಮೂರು ತಿಂಗಳ ಸೇವೆಯ ಸಾರವೇ ಅದು. ಇಂಗ್ಲಿಷನ್ನು ನಾನು ಹಳಿಯುತ್ತಿಲ್ಲ. ಫಿಲಿಪೀನ್ಸಿನವರು, ನೈಜೀರಿಯದವರು, ಕೇರಳದವರು ಒಂದೇ ಬೆಂಚಿನಲ್ಲಿ ಕೂಡಬೇಕಾದರೆ ಅದು ಬೇಕು. ಆದರೆ ಕೂಡಿ ಕುಳಿತುಕೊಳ್ಳುವ ಭಾಷೆ ಒಂದು, ಕುಳಿತು ಅಳುವ ಭಾಷೆ ಇನ್ನೊಂದು. 'ಅಪೊಸ್ತಲರ ಕೃತ್ಯಗಳು' ಗ್ರಂಥದ ಪಂಚಾಶತ್ತಮ ದಿನದ ವೃತ್ತಾಂತದಲ್ಲಿ, ನೆರೆದ ಜನರ ಪಟ್ಟಿಯಲ್ಲಿ ಅರಬಿಯರೂ ಇದ್ದಾರೆ. ಎಲ್ಲರಿಗೂ ಒಂದೇ ಭಾಷೆ ಬಂದಿತೆಂದು ಆ ವೃತ್ತಾಂತ ಹೇಳುವುದಿಲ್ಲ; ಒಬ್ಬೊಬ್ಬರಿಗೂ ಅವರವರ ಭಾಷೆಯಲ್ಲಿಯೇ ಕೇಳಿಸಿತೆಂದು ಹೇಳುತ್ತದೆ. ಇಂಥ ಎಷ್ಟೋ ಸಭೆಗಳಲ್ಲಿ ಪ್ರಭುವಿನ ಪ್ರಾರ್ಥನೆಯನ್ನು ಎಲ್ಲರೂ ಏಕಕಾಲದಲ್ಲಿ ತಮ್ಮ ತಮ್ಮ ನುಡಿಯಲ್ಲಿ ಹೇಳುವ ಪದ್ಧತಿಯಿದೆ. ಹೊರಗಿನವನಿಗೆ ಅದು ಗದ್ದಲ, ಒಳಗಿನವನಿಗೆ ಮನೆ.

ಆದುದರಿಂದ, ಅಲ್ಪಾವಧಿಗೆ ಜನರನ್ನು ಕಳುಹಿಸುವವರು ಬಾಯಿಗಿಂತ ಕಿವಿಯನ್ನು ನೋಡಿ ಆರಿಸುವುದು ಲೇಸು. ಚೆನ್ನಾಗಿ ಪ್ರಸಂಗ ಮಾಡುವವರು ಅಲ್ಲಿಯೂ ಸಿಗುತ್ತಾರೆ. ಹೋದವರು ಹತ್ತು ಭಾಷೆಗಳಲ್ಲಿ ಕನಿಷ್ಠಪಕ್ಷ "ನಿಮ್ಮ ತಾಯಿಯ ಹೆಸರೇನು?" ಎಂದು ಕೇಳಲು ಕಲಿಯಲಿ. ಹೊರಡುವಾಗ, ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರ ಕೆಲಸ ಹೋಗಿದೆ ಎಂಬುದನ್ನು ಮುಂದೆ ಬರುವವರಿಗೆ ಒಪ್ಪಿಸಿ ಬರಲಿ. ಅವಧಿ ಮೂರೇ ತಿಂಗಳಾದರೂ ಆಗ ಸೇವೆ ತುಂಡಾಗದು.

ನನ್ನ ಹಿರಿಯ ಮಿತ್ರರಿಗೆ ಇಷ್ಟೇ ಬಿನ್ನಹ. ಮೂರು ತಿಂಗಳಲ್ಲಿ ನಿಘಂಟು ಆಗದು, ನಿಜ. ಆದರೆ ಕಿಟ್ಟೆಲರಿಗೂ ಮೊದಲ ಮೂರು ತಿಂಗಳು ಎಂಬುದೊಂದು ಇದ್ದಿತು. ಆಗ ಅವರು ಮಾಡಿದ್ದು ನಮಗೆ ಕಲಿಸುವ ಕೆಲಸವಾಗಿರಲಾರದು. ನಮ್ಮ ಮಾತಿಗೆ ಕಿವಿಗೊಡುವ ಕೆಲಸವೇ ಆಗಿರಬೇಕು.