ಪರದೆಯ ಮೇಲೆ ಕನ್ನಡ ಒಡೆಯುವುದು ಹಣೆಬರಹವಲ್ಲ

ಆಸ್ಪತ್ರೆಯ ಟೋಕನ್ ಕೌಂಟರ್, ಬಸ್ ನಿಲ್ದಾಣ, ಶಾಲೆಯ ಕಂಪ್ಯೂಟರ್ ಕೊಠಡಿ, ಗ್ರಂಥಾಲಯ, ಎಲ್ಲಿ ಹೋದರೂ ಈಗ ಒಂದು ಪರದೆ ಇರುತ್ತದೆ. ಅದರಲ್ಲಿ ಎರಡು ನೋಟಗಳಿಗೆ ನಾವು ಒಗ್ಗಿಹೋಗಿದ್ದೇವೆ. ಒಂದು, ಒತ್ತಕ್ಷರ ಕಳಚಿಕೊಂಡ ಕನ್ನಡ. ಇನ್ನೊಂದು, ಸದ್ದು ಮಾತ್ರ ಕೇಳಿಸುವ ಕಪ್ಪು ವಿಡಿಯೊ. ವಿಚಾರಿಸಿದರೆ ‘ಸಾಫ್ಟ್‌ವೇರು ಕನ್ನಡಕ್ಕೆ ಸಪೋರ್ಟ್ ಮಾಡಲ್ಲ ಸಾರ್’ ಎಂಬ ಉತ್ತರ ಸಿಗುತ್ತದೆ. ಆ ಉತ್ತರವನ್ನು ನಾವು ಒಪ್ಪಿಕೊಳ್ಳಬಾರದು. ಈ ಎರಡೂ ದೋಷಗಳಿಗೆ ಕಾರಣ ಗೊತ್ತಿದೆ, ಮದ್ದೂ ಇದೆ.

ಡೆಸ್ಕ್‌ಟಾಪ್ ತಂತ್ರಾಂಶದ ಕಿಟಕಿ, ಬಟನ್, ವಿಡಿಯೊ ಚೌಕಗಳನ್ನು ಪ್ರೋಗ್ರಾಮರುಗಳು ಮೊದಲಿನಿಂದ ಬರೆಯುವುದಿಲ್ಲ. ಕ್ಯೂಟಿ, ಜಿಟಿಕೆ, ಟಿಕಿಂಟರ್, ‘ಕಿವಿ’ ಮುಂತಾದ ಸಿದ್ಧ ಟೂಲ್‌ಕಿಟ್‌ಗಳಿಂದ ಕಟ್ಟುತ್ತಾರೆ. ಕನ್ನಡ ಒಡೆಯುವುದೂ ವಿಡಿಯೊ ನಿಲ್ಲುವುದೂ ಹೆಚ್ಚಾಗಿ ಅಲ್ಲಿಯೇ.

ಮೊದಲು ಅಕ್ಷರದ ವಿಷಯ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಡತದಲ್ಲಿ ಅದು ಆರು ಸಂಕೇತಗಳ ಸಾಲು. ಅವನ್ನು ಜೋಡಿಸಿ, ಒತ್ತನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಇದನ್ನು ಚೆನ್ನಾಗಿ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳ ಒಳಗಿರುವುದು ಅದೇ. ಕ್ಯೂಟಿ, ಜಿಟಿಕೆಗಳೂ ಅದನ್ನೇ ನೆಚ್ಚಿವೆ. ಟಿಕಿಂಟರ್‌ನದು ಬೇರೆ ಕತೆ. ವಿಂಡೋಸ್‌ನಲ್ಲಿ ಅದು ವಿಂಡೋಸಿನದೇ ಶೇಪಿಂಗ್ ಬಳಸುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಅದರ ಬುನಾದಿಯಾದ ಟಿಕೆ 8.6ಕ್ಕೆ ಶೇಪಿಂಗ್ ಬಾರದು. ತಯಾರಿಸಿದವರು ವಿಂಡೋಸ್‌ನಲ್ಲಿ ನೋಡಿ ಒಪ್ಪಿಸುತ್ತಾರೆ, ಶಾಲೆಯ ಲಿನಕ್ಸ್ ಯಂತ್ರದಲ್ಲಿ ‘ರಾಷ್ಟ್ರ’ ‘ರಾಷ್‌ಟ್‌ರ’ ಆಗಿ ನಿಲ್ಲುತ್ತದೆ.

ಲಕ್ಷಣ ನೋಡಿದರೆ ಕಾರಣ ತಿಳಿಯುತ್ತದೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳಿದ್ದರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ‘ಕಿವಿ’ ಟೂಲ್‌ಕಿಟ್‌ನ ಜೊತೆಗೆ ಬರುವ ರೊಬೋಟೊ ಫಾಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಕೊಟ್ಟರೆ ಚೌಕಗಳು ಹೋಗುತ್ತವೆ. ಅಕ್ಷರಗಳಿದ್ದೂ ಒತ್ತು ಕೂಡದಿದ್ದರೆ ತಪ್ಪು ಶೇಪಿಂಗ್‌ನದು. ಪಠ್ಯ ಬಿಡಿಸುವ ಪದರವನ್ನು ಪ್ಯಾಂಗೊ ಎಂಬ, ಶೇಪಿಂಗ್ ಬಲ್ಲ ತಂತ್ರಾಂಶಕ್ಕೆ ಬದಲಿಸಬೇಕು, ಇಲ್ಲವೇ ಟೂಲ್‌ಕಿಟ್ಟನ್ನೇ ಬದಲಿಸಬೇಕು. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಸಾಮಾನ್ಯವಾಗಿ ‘ನುಡಿ’ಯಂಥ ತಂತ್ರಾಂಶದ ಹಳೆಯ ಆಸ್ಕಿ ಪಠ್ಯ, ಯೂನಿಕೋಡ್‌ಗೆ ಪರಿವರ್ತಿಸದೆ ದಾರಿಯಿಲ್ಲ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆದರೆ ನಡುವಿನ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಯನ್ನು ಯಾರೋ ಕಸವೆಂದು ಅಳಿಸಿದ್ದಾರೆ. ‘ರಾಷ್ಟ್ರ’ದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿದ್ದರೆ ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಳೆದು ಇಟ್ಟಿದ್ದಾರೆ. ಎತ್ತರ ಹೆಚ್ಚಿಸಿದರೆ ಸಾಕು.

ಈ ಯಾವುದನ್ನೂ ಮಾಡದೆ ಕನ್ನಡವನ್ನು ಚಿತ್ರವಾಗಿ ಅಂಟಿಸುವ ಅಡ್ಡದಾರಿಯೊಂದು ಬಳಕೆಯಲ್ಲಿದೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಆ ಚಿತ್ರವನ್ನು ಪಠ್ಯದಂತೆ ಓದಲಾರದು. ಅದರಲ್ಲಿ ಪದ ಹುಡುಕಲಾಗದು, ತಪ್ಪು ತಿದ್ದಲಾಗದು. ಅದು ಪರಿಹಾರವಲ್ಲ, ಓದುಗರಿಗೆ ಮಾಡುವ ಅನ್ಯಾಯ.

ಇನ್ನು ವಿಡಿಯೊ. ಎಂಪಿ4 ಬರೀ ಡಬ್ಬಿ, ಒಳಗಿನ ವಿಡಿಯೊ ಸಂಕೋಚನ ಕ್ರಮ ಎಚ್.264 ಇರಬಹುದು, ಎಚ್.265 ಇರಬಹುದು. ಐಫೋನ್ 7 ಮತ್ತು ನಂತರದ ಮಾದರಿಗಳು 2017ರ ಐಒಎಸ್ 11ರಿಂದ ಎಚ್.265ರಲ್ಲಿ ಚಿತ್ರೀಕರಿಸಬಲ್ಲವು. ಮೇಷ್ಟ್ರು ಫೋನಿನಲ್ಲಿ ತೆಗೆದ ಪಾಠ ಶಾಲೆಯ ಯಂತ್ರದಲ್ಲಿ ಕಪ್ಪಾಗಲು ಇದೂ ಒಂದು ಕಾರಣ. ಆ ಕಡತವನ್ನು ಅದೇ ಯಂತ್ರದ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ ನೋಡಿ. ವಿಎಲ್‌ಸಿ ತನ್ನ ಡಿಕೋಡರ್‌ಗಳನ್ನು, ಅಂದರೆ ಆ ಸಂಕೋಚನ ಬಿಡಿಸುವ ತಂತ್ರಾಂಶಗಳನ್ನು, ಸಾಮಾನ್ಯವಾಗಿ ತಾನೇ ಹೊತ್ತು ತರುತ್ತದೆ. ಅಲ್ಲಿ ಓಡಿದರೆ ಕಡತ ಸರಿಯಿದೆ, ಟೂಲ್‌ಕಿಟ್‌ಗೆ ಡಿಕೋಡರ್ ಸಿಕ್ಕಿಲ್ಲ ಅಥವಾ ಪ್ರೋಗ್ರಾಮಿನಲ್ಲೇ ತಪ್ಪಿದೆ. ಕ್ಯೂಟಿ 5 ಲಿನಕ್ಸ್‌ನಲ್ಲಿ ಜಿಸ್ಟ್ರೀಮರ್ ಎಂಬ ಮಾಧ್ಯಮ ತಂತ್ರಾಂಶವನ್ನು ಅವಲಂಬಿಸಿತ್ತು. ಅದರ ಡಿಕೋಡರ್ ಪ್ಯಾಕೇಜುಗಳನ್ನು ಹಲವು ಕಡೆ ಬೇರೆಯಾಗಿ ಹಾಕಿಕೊಳ್ಳಬೇಕು. 2023ರ ಕ್ಯೂಟಿ 6.5ರಿಂದ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತಂತ್ರಾಂಶ ಮೊದಲ ಆಯ್ಕೆಯಾಗಿ, ಈ ತಾಪತ್ರಯ ತಗ್ಗಿದೆ. ಚಿತ್ರ ಬಂದು ಸದ್ದು ಬಾರದಿದ್ದರೆ ಇನ್ನೊಂದನ್ನು ನೋಡಿ: ಕ್ಯೂಟಿ 6ರಲ್ಲಿ ಪ್ಲೇಯರ್‌ಗೆ ಆಡಿಯೊ ಔಟ್‌ಪುಟ್ಟನ್ನು ಬೇರೆಯಾಗಿ ಜೋಡಿಸಬೇಕು. ಹಳೆಯ ಕೋಡನ್ನು ಹಾಗೆಯೇ ತಂದವರ ವಿಡಿಯೊ ಮೂಕವಾಗುತ್ತದೆ. ವಿಡಿಯೊ ಓಡುವಾಗ ಬಟನ್‌ಗಳೂ ಮರಗಟ್ಟಿದರೆ ಡಿಕೋಡಿಂಗ್ ಕೆಲಸವನ್ನು ಬಟನ್‌ಗಳನ್ನು ನೋಡಿಕೊಳ್ಳುವ ಮುಖ್ಯ ಥ್ರೆಡ್‌ಗೇ ಹೊರಿಸಲಾಗಿದೆ. ಅದನ್ನು ಬೇರೆ ಥ್ರೆಡ್‌ಗೆ ಸಾಗಿಸಬೇಕು. ಸಾರ್ವಜನಿಕ ಬಳಕೆಯ ವಿಡಿಯೊಗಳನ್ನು ಎಚ್.264ಕ್ಕೂ ಅವುಗಳ ಸದ್ದನ್ನು ಎಎಸಿಗೂ ಮೊದಲೇ ಪರಿವರ್ತಿಸಿಟ್ಟರೆ ಅರ್ಧ ತಲೆನೋವು ಹುಟ್ಟುವುದೇ ಇಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಪರದೆಗಳು ಒಡೆದೇ ಇರುವುದು ಯಾರೂ ಪರೀಕ್ಷಿಸದ ಕಾರಣ. ಆದ್ದರಿಂದ ತಂತ್ರಾಂಶ ಕೊಳ್ಳುವ ಪ್ರತಿಯೊಂದು ಶಾಲೆ, ಕಚೇರಿ, ಗ್ರಂಥಾಲಯ ಒಂದು ಷರತ್ತು ಹಾಕಬೇಕು: ‘ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಜ್ಞಾನ, ಸೂರ್ಯ, ರ‍್ಯಾಂಕ್’ ಎಂಬ ಸಾಲು ಮತ್ತು ಒಂದು ಚಿಕ್ಕ ವಿಡಿಯೊ, ಎರಡೂ ಮುಂದೆ ಬಳಸಲಿರುವ ಯಂತ್ರದಲ್ಲೇ ಸರಿಯಾಗಿ ಮೂಡಿದ ಮೇಲೆಯೇ ಬಿಲ್ ಪಾಸಾಗಬೇಕು. ಪ್ರೋಗ್ರಾಮರುಗಳು ಕನ್ನಡ ಫಾಂಟನ್ನು ತಂತ್ರಾಂಶದ ಜೊತೆಗೇ ಕಟ್ಟಿಕೊಡಲಿ. ನೋಟೊ ಫಾಂಟ್‌ಗಳ ಪರವಾನಗಿ ಅದಕ್ಕೆ ಅವಕಾಶ ಕೊಟ್ಟಿದೆ, ಹಣವನ್ನೂ ಕೇಳುವುದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಒಡೆದ ಕನ್ನಡ ಕಂಡಾಗ ಫೋಟೊ ತೆಗೆಯಿರಿ, ಚೌಕವೋ, ಬಿಡಿ ಒತ್ತೋ, ಕತ್ತರಿಸಿದ ಸಾಲೋ ಎಂದು ಬರೆದು, ಆ ಪರದೆ ಇಟ್ಟವರಿಗೆ ಲಿಖಿತ ದೂರು ಕೊಡಿ. ಸರಿಹೋಗುವ ತನಕ ಕೇಳುತ್ತಲೇ ಇರಿ.